ರೊಟ್ಟಿಯ ಪಾಲು
(ಬಾನುಲಿ ಭಾಷಣ)

ಬೆಂಗಳೂರಿನ ದಂಡು ಪ್ರದೇಶದ ಕ್ರೈಸ್ತ ಕುಟುಂಬಗಳು ಹಬ್ಬದ ದಿನಗಳಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ರೊಟ್ಟಿಗಳನ್ನು ಕುರಿತು ನಾಲ್ಕು ಮಾತು ಹೇಳಲಿದ್ದೇನೆಂದು ತಿಳಿಸಿದಾಗ ನನ್ನ ಗೆಳೆಯರೊಬ್ಬರು ನಕ್ಕರು. "ಜ್ವರ ಬಂದವರ ಪಥ್ಯದ ಬಗ್ಗೆ ಭಾಷಣವೆ?" ಎಂದು ಕೇಳಿದರು. ಅವರ ನಗೆಗೆ ಕಾರಣವಿಲ್ಲದೆ ಇಲ್ಲ. ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಬ್ರೆಡ್ಡು ಬರುತ್ತಿದ್ದುದು ಡಾಕ್ಟರ ಚೀಟಿಯ ಹಿಂದೆಯೇ. ಬಿಸಿ ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ಕಂಡೊಡನೆ ಮೈ ಬೆಚ್ಚಗಾಗಿದೆಯೇ ಎಂದು ಹಣೆ ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಲ್ಲೆ.

ಆದರೆ ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. 1809ರಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಬಂದ ಬ್ರಿಟಿಷರ ದಂಡು ಹಲಸೂರಿನ ಮಗ್ಗುಲಲ್ಲಿ ಬೀಡುಬಿಟ್ಟಿತು. ದಂಡಿನ ಹಿಂದೆಯೇ ಅದರ ಊಟವೂ ಬಂದಿತು. ಸಿಪಾಯಿಗೆ ರೊಟ್ಟಿ ಸುಡುವವರು, ಅಧಿಕಾರಿಗೆ ಅಡಿಗೆ ಮಾಡುವವರು, ಅವರಿಗೆ ಹಿಟ್ಟು, ಸೌದೆ ಒದಗಿಸುವವರು, ಹೀಗೆ ತಮಿಳರು, ತೆಲುಗರು, ಮಲಯಾಳಿಗಳು, ಕೊಂಕಣಿಗರು, ಉರ್ದು ಮಾತಿನವರು, ಆಂಗ್ಲೋ ಇಂಡಿಯನ್ನರು ಎಲ್ಲರೂ ಒಂದೊಂದು ಬೀದಿ ಹಿಡಿದು ನೆಲೆಸಿದರು. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ಅದಾದ ಮೇಲೆ ಹುಟ್ಟಿದ ನನಗೂ ಬಾಲ್ಯದಲ್ಲಿ ಅವೆರಡೂ ಬೇರೆ ಬೇರೆ ಊರುಗಳೆಂದೇ ತೋರುತ್ತಿತ್ತು. ಬೇರೆ ಎಂದು ಮೊದಲು ಹೇಳುತ್ತಿದ್ದುದು ಮೂಗು. ನಸುಕಿನಲ್ಲಿ ಹಲಸೂರಿನಿಂದ ಶಿವಾಜಿನಗರದತ್ತ ನಡೆದರೆ ಸೌದೆ ಒಲೆಯಲ್ಲಿ ರೊಟ್ಟಿ ಬೇಯುವ ವಾಸನೆ ದಾರಿಯುದ್ದಕ್ಕೂ ಜೊತೆಗಿರುತ್ತಿತ್ತು.

ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಮುಸ್ಲಿಂ ಕುಟುಂಬವೊಂದು ನಡೆಸಿಕೊಂಡು ಬಂದಿರುವ ಬೇಕರಿ ಅದು. ಶುಭ ಶುಕ್ರವಾರದ ಶಿಲುಬೆಯ ಗುರುತಿನ ಬನ್ನಿಗಾಗಿ ಕ್ರೈಸ್ತರು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಇದರಲ್ಲಿ ಆಶ್ಚರ್ಯಪಡುವಂಥದೇನಾದರೂ ಇದೆಯೆಂದು ದಂಡಿನಲ್ಲಿ ಯಾರಿಗೂ ಅನ್ನಿಸಿಲ್ಲ.

ಇರಲಿ, ನಾನು ಹೇಳಹೊರಟದ್ದು ಕೊಂಡು ತಂದ ರೊಟ್ಟಿಯ ಮಾತಲ್ಲ, ಮನೆಯ ರೊಟ್ಟಿಯ ಮಾತು. ಆದರೆ ದಂಡಿನಲ್ಲಿ ಈ ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಏಕೆಂದರೆ ನಮ್ಮ ಬೀದಿಯ ಯಾವ ಮನೆಯಲ್ಲಿಯೂ ಕೇಕು ಬೇಯಿಸುವ ಒಲೆ ಇರಲಿಲ್ಲ. ಡಿಸೆಂಬರ್ ತಿಂಗಳು ಬಂತೆಂದರೆ ಎದುರು ಮನೆಯ ಆಂಗ್ಲೋ ಇಂಡಿಯನ್ ಆಂಟಿಯವರು ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆಯ ಸಿಪ್ಪೆ ಎಲ್ಲವನ್ನೂ ಹಿಟ್ಟಿನಲ್ಲಿ ಕಲಸಿ, ತಗಡಿನ ಅಚ್ಚಿಗೆ ತುಂಬಿ, ಮೇಲೊಂದು ಕಾಗದದ ಚೂರಿನಲ್ಲಿ ತಮ್ಮ ಹೆಸರು ಬರೆದು ನನ್ನ ಕೈಗೆ ಕೊಡುತ್ತಿದ್ದರು. ಅದನ್ನು ಬೇಕರಿಗೆ ಒಯ್ದು, ರೊಟ್ಟಿಯ ಕೆಲಸ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕಾವಿನಲ್ಲಿ ಬೇಯಿಸಿಕೊಂಡು ಬರುವುದು ನನ್ನ ಕೆಲಸ. ನನ್ನಂಥ ಹತ್ತಿಪ್ಪತ್ತು ಹುಡುಗರು ಅಲ್ಲಿ ಕುಳಿತಿರುತ್ತಿದ್ದರು. ಒಂದು ವರ್ಷ ಚೀಟಿ ಸುಟ್ಟುಹೋಗಿ ಆಂಟಿಯವರ ಅಚ್ಚು ಇನ್ನಾರದೋ ಮನೆಗೆ ಹೋಯಿತು, ಇನ್ನಾರದೋ ಅಚ್ಚು ನನ್ನ ಪಾಲಿಗೆ ಬಂತು. ಆಂಟಿಯವರು ಒಂದು ಚೂರು ಬಾಯಿಗಿಟ್ಟು, "ಇದು ನನ್ನದಲ್ಲ, ಜಾಯಿಕಾಯಿ ಹೆಚ್ಚಾಗಿದೆ" ಎಂದರು. ಹುಡುಕುತ್ತ ಹೋದರೆ ಮೂರನೆಯ ಬೀದಿಯ ತಮಿಳು ಮನೆಯೊಂದರಲ್ಲಿಯೂ ಅದೇ ವಿಚಾರಣೆ ನಡೆದಿತ್ತು. ಕೊನೆಗೆ ಆ ಮನೆಯವರೂ ಈ ಮನೆಯವರೂ ಕುಳಿತು ಎರಡು ಕೇಕುಗಳನ್ನೂ ಒಟ್ಟಿಗೆ ಕೊಯ್ದರು. ಅಲ್ಲಿಯವರೆಗೆ ಅವರಿಗೆ ಪರಸ್ಪರ ಪರಿಚಯವಿರಲಿಲ್ಲ.

ನಾವು ಕನ್ನಡ ಕ್ರೈಸ್ತರು. ನನ್ನ ತಾಯಿ ಕನಕಪುರ ಸೀಮೆಯ ಹಾರೋಬೆಲೆಯವಳು. ಅವಳಿಗೆ ಕೇಕು, ಬನ್ನು ಎಲ್ಲವೂ 'ಅವರ ಮನೆಯ ತಿಂಡಿ'. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ ಅಥವಾ ರಾಗಿ ರೊಟ್ಟಿ. ತಪಸ್ಸುಕಾಲದಲ್ಲಿ, ಅಂದರೆ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳಲ್ಲಿ, ಅವಳು ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ, ಉಪ್ಪಲ್ಲದೆ ಬೇರೇನನ್ನೂ ಸೇರಿಸದೆ, ತೆಳ್ಳಗೆ ತಟ್ಟಿ ಹೆಂಚಿನ ಮೇಲೆ ಬೇಯಿಸುತ್ತಿದ್ದಳು. ಅದು ವಿಧಿಯೇನಲ್ಲ, ವ್ರತದ ಸರಳ ಊಟ. ಚರ್ಚಿನಲ್ಲಿ ಗುರುಗಳು ನಾಲಗೆಯ ಮೇಲಿಡುವ ಓಸ್ತಿಗೆ ರುಚಿಯೇ ಇಲ್ಲವೆಂದು ನಾನೊಮ್ಮೆ ದೂರಿದಾಗ, "ರುಚಿಗೆ ಮನೆ ಇದೆಯಲ್ಲ" ಎಂದು ಅವಳು ಮಾತು ಮುಗಿಸಿದ್ದಳು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕ್ರೈಸ್ತರೆಲ್ಲರೂ ದಿನವೂ ಹೇಳುವ ಪ್ರಾರ್ಥನೆಯಲ್ಲಿ ಮೂಲದಲ್ಲಿರುವುದು ಅಂದಂದಿನ ರೊಟ್ಟಿಯನ್ನು ಬೇಡುವ ಮಾತು. ಅದನ್ನು ಕನ್ನಡಕ್ಕೆ ತಂದವರು ರೊಟ್ಟಿ ಎನ್ನದೆ 'ಆಹಾರ' ಎಂದರು. ರಾಗಿ ಅಕ್ಕಿಗಳ ನಾಡಿನಲ್ಲಿ ಗೋಧಿಯ ರೊಟ್ಟಿಯನ್ನು ದೇವರಲ್ಲಿ ಬೇಡುವುದು ಸಹಜವಲ್ಲವೆಂದು ಅವರಿಗೆ ತೋರಿರಬೇಕು. ನಮ್ಮ ಶಿವಾಜಿನಗರಕ್ಕೆ ಹಿಂದೆ ಇದ್ದ ಬ್ಲ್ಯಾಕ್‌ಪಲ್ಲಿ ಎಂಬ ಹೆಸರು ಕೂಡ 'ಬಿಳಿ ಅಕ್ಕಿ ಹಳ್ಳಿ' ಎಂಬುದರಿಂದ ಬಂದಿತೆಂದು ಹೇಳುವವರಿದ್ದಾರೆ. ಸಂತ ಮೇರಿಯಮ್ಮನವರ ದೇವಾಲಯ ನಿಂತಿರುವ ನೆಲ ಒಂದು ಕಾಲದಲ್ಲಿ ಭತ್ತದ ಬಯಲಾಗಿದ್ದಿತಂತೆ. ಹೀಗಾಗಿ ನಮ್ಮ ಕಡೆಯ ಕ್ರೈಸ್ತರ ಹಬ್ಬದ ರೊಟ್ಟಿ ಬಹುಮಟ್ಟಿಗೆ ಅಕ್ಕಿಯದೇ.

ಮಂಗಳೂರಿನ ಕಡೆಯಿಂದ ಬಂದು ನಮ್ಮ ನಡುವೆ ನೆಲೆಸಿದ ಕೊಂಕಣಿ ಕ್ಯಾಥೊಲಿಕರನ್ನು ನೋಡಿ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಜನ್ಮದಿನ. 1882ರಲ್ಲಿ ಆ ದಿನವೇ ಶಿವಾಜಿನಗರದ ಈಗಿನ ಗಾಥಿಕ್ ದೇವಾಲಯದ ಪ್ರತಿಷ್ಠೆಯಾಯಿತು. ಪ್ರತಿ ವರ್ಷ ಅಂದು ಬೀದಿಯಲ್ಲಿ ತೇರು ಸಾಗುತ್ತದೆ, ಕಾವಿ ಬಣ್ಣದ ಸೀರೆಯುಟ್ಟು ಹರಕೆ ಹೊತ್ತವರು ಎಲ್ಲ ಮತಗಳಿಂದಲೂ ಬರುತ್ತಾರೆ. ಅದೇ ದಿನ ಕೊಂಕಣಿಗರ ಮನೆಗಳಲ್ಲಿ ತೆನೆ ಹಬ್ಬ, ಅವರ ಮಾತಿನಲ್ಲಿ ಮೊಂತಿ ಫೆಸ್ತ್. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಬಳಿಕ ಬಾಳೆ ಎಲೆಯ ಮೇಲೆ ಸಸ್ಯಾಹಾರದ ಊಟ, ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಹಬೆಯಲ್ಲಿ ಬೇಯಿಸಿದ ಸನ್ನ ಅವರ ಹಬ್ಬದ ಊಟಗಳ ರೊಟ್ಟಿ. ಹಿಂದೆ ಅದನ್ನು ಹುದುಗಿಸಲು ಕಳ್ಳು ಹಾಕುತ್ತಿದ್ದರು, ಈಗ ಯೀಸ್ಟಿನಿಂದ ಕೆಲಸ ನಡೆಯುತ್ತದೆ. ದೂರದಲ್ಲಿರುವ ಮಕ್ಕಳಿಗೆ ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಅವರಲ್ಲುಂಟು. ಊಟಕ್ಕೆ ಬರಲಾಗದವನಿಗೂ ಎಲೆಯಲ್ಲಿ ಒಂದು ಸ್ಥಾನವಿರಬೇಕೆಂಬ ಈ ಎಚ್ಚರ ನನ್ನ ಮನಸ್ಸಿಗೆ ಹಿಡಿಸಿದೆ.

ಆದರೆ ಮನೆಯ ರೊಟ್ಟಿ ಎಂದರೇನೆಂದು ನನಗೆ ತಿಳಿದದ್ದು ಇನ್ನೂ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿಗೆ ಹೋದ ಮೇಲೆ. ಮದುವೆಯಾದ ಹೊಸತರಲ್ಲಿ ನಾವು ದೂರವಾಣಿನಗರದ ಹತ್ತಿರ ಬಾಡಿಗೆಯ ಮನೆ ಹಿಡಿದೆವು. 1948ರಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯಿಂದಾಗಿ ಬೆಳೆದ ಊರು ಅದು. ನಮ್ಮ ಪಕ್ಕದ ಮನೆಯ ಮಲಯಾಳಿ ಹಿರಿಯರು ಅಲ್ಲಿಯೇ ಕೆಲಸದಲ್ಲಿದ್ದರು. ಸಂತ ತೋಮನಿಂದ ಧರ್ಮ ಸ್ವೀಕರಿಸಿದವರೆಂದು ಹೇಳಿಕೊಳ್ಳುವ ಸಿರಿಯನ್ ಕ್ರೈಸ್ತರ ಮನೆತನ. ಅವರನ್ನು ಬೀದಿಯವರೆಲ್ಲ ಅಪ್ಪಚ್ಚನ್ ಎಂದೂ ಅವರ ಪತ್ನಿಯನ್ನು ಅಮ್ಮಚ್ಚಿ ಎಂದೂ ಕರೆಯುತ್ತಿದ್ದೆವು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನಾದ್ದರಿಂದ ಅವರಿಗೆ 'ಮೇಷ್ಟ್ರು'.

ಈ ಸಿರಿಯನ್ ಕ್ರೈಸ್ತರು ಪವಿತ್ರ ಗುರುವಾರದ ರಾತ್ರಿ, ಎಂದರೆ ಯೇಸುವಿನ ಕಡೆಯ ಭೋಜನದ ನೆನಪಿನ ರಾತ್ರಿ, ಮನೆಯಲ್ಲಿ ಪೆಸಹಾ ಅಪ್ಪಂ ಮುರಿಯುತ್ತಾರೆ. ಪೆಸಹಾ ಎಂದರೆ ನಮ್ಮ ಪಾಸ್ಕವೇ. ಇಸ್ರೇಲರು ಈಜಿಪ್ಟಿನಿಂದ ಹೊರಟಾಗ ಹಿಟ್ಟು ಹುಳಿಯಾಗುವವರೆಗೆ ಕಾಯಲು ಸಮಯವಿರಲಿಲ್ಲ, ಆದ್ದರಿಂದ ಹುಳಿಯಿಲ್ಲದ ರೊಟ್ಟಿ ತಿಂದರೆಂಬುದು ಬೈಬಲಿನ ಕಥೆ. ಆ ಹುಳಿಯಿಲ್ಲದ ರೊಟ್ಟಿಯೇ ಕೇರಳದಲ್ಲಿ ಅಕ್ಕಿಯ ಅಪ್ಪಂ ಆಗಿದೆ. ಅಮ್ಮಚ್ಚಿಯ ಅಳತೆ ನನ್ನ ಹೆಂಡತಿಗೆ ಬಾಯಿಪಾಠ: ಎರಡು ಪಾವು ಅಕ್ಕಿಗೆ ಅರ್ಧ ಪಾವು ಉದ್ದಿನಬೇಳೆ, ಒಂದು ಹಿಡಿ ತೆಂಗಿನ ತುರಿ, ನಾಲ್ಕು ಸಣ್ಣ ಈರುಳ್ಳಿ, ಎರಡೆಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ. ನಮ್ಮ ಇಡ್ಲಿಯ ಹಿಟ್ಟಿನ ನೆಂಟನೇ ಸರಿ, ಆದರೆ ಇಡ್ಲಿಯಂತೆ ರಾತ್ರಿಯೆಲ್ಲ ಇಡುವಂತಿಲ್ಲ. ರುಬ್ಬಿದ ಕೂಡಲೇ ತಟ್ಟೆಗೆ ಸುರಿದು ಹಬೆಯಲ್ಲಿ ಬೇಯಿಸಬೇಕು. ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ತೆಂಗಿನ ಗರಿಯನ್ನು ಸೀಳಿ, ಶಿಲುಬೆಯಾಗಿ ಮಡಿಸಿ, ಒಂದು ಅಪ್ಪಂ ಮೇಲೆ ಇಡುತ್ತಾರೆ. ಜೊತೆಗೆ ತೆಂಗಿನ ಹಾಲಿಗೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿ ಕಾಯಿಸಿದ ಪಾನಕ. ಮನೆಯವರೆಲ್ಲ ಕೂಡಿ ಪ್ರಾರ್ಥಿಸಿದ ಮೇಲೆ ಮನೆಯ ಹಿರಿಯನು ಅದನ್ನು ಕೊಯ್ದು, ವಯಸ್ಸಿನ ಕ್ರಮದಲ್ಲಿ ಹಿರಿಯರಿಂದ ಕಿರಿಯರವರೆಗೆ ಕೈಗೆ ಕೊಡುತ್ತಾನೆ. ಚರ್ಚಿನಲ್ಲಿ ಗುರುಗಳು ಮಾಡುವ ಕೆಲಸವನ್ನು ಆ ರಾತ್ರಿ ಮನೆಯ ಯಜಮಾನನೇ ಮಾಡುತ್ತಾನೆ. ಒಂದು ಚೂರೂ ನೆಲಕ್ಕೆ ಬೀಳದಂತೆ ಮಕ್ಕಳು ಎರಡು ಕೈ ಜೋಡಿಸಿ ಪಡೆಯುವುದನ್ನು ನೋಡಬೇಕು.

ಇದಕ್ಕೊಂದು ನಿಯಮವುಂಟು. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪಂ ಬೇಯಿಸುವುದಿಲ್ಲ. ನೆಂಟರೋ ನೆರೆಯವರೋ ತಂದುಕೊಡಬೇಕು. ಸೂತಕದ ಮನೆಯಲ್ಲಿ ಒಲೆ ಹೊತ್ತಿಸದ ನಮ್ಮ ಹಳ್ಳಿಗಳ ಪದ್ಧತಿಯಂತೆಯೇ ಇದು. ಅದು ಕೆಲವು ದಿನಗಳ ಮಾತಾದರೆ ಇದು ವರ್ಷದ ಮಾತು.

1979ರ ಡಿಸೆಂಬರಿನಲ್ಲಿ ನನ್ನ ತಾಯಿ ನಮ್ಮ ಮನೆಯಲ್ಲಿಯೇ ತೀರಿಕೊಂಡಳು. ತಂದೆ ಮೊದಲೇ ಹೋಗಿದ್ದರು. ಹಲಸೂರಿನ ಮನೆಯಲ್ಲಿ ನನ್ನ ಅಣ್ಣನಿದ್ದ. ಅಮ್ಮನ ತಿಂಗಳ ಪೂಜೆ ಮುಗಿದ ದಿನವೇ ಆ ಮನೆಯ ಮಾತು ಬಂದಿತು. ಯಾರು ಮೊದಲು ಎತ್ತಿದರೆಂಬುದನ್ನು ಇಂದು ಹೇಳಲಾರೆ. ಅಂದು ಮಾತ್ರ ಅವನೇ ಎತ್ತಿದನೆಂದು ನಾನೂ, ನಾನೇ ಎತ್ತಿದೆನೆಂದು ಅವನೂ ಖಂಡಿತವಾಗಿ ನಂಬಿದ್ದೆವು. ಆಡಬಾರದ ಮಾತುಗಳನ್ನು ಆಡಿದೆವು. ಪಾಲು ಎಂಬ ಒಂದು ಶಬ್ದವನ್ನು ಆ ಮಧ್ಯಾಹ್ನ ಎಷ್ಟು ಸಲ ಉಚ್ಚರಿಸಿದೆವೋ ಲೆಕ್ಕವಿಲ್ಲ. ಅನಂತರ ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

1980ರ ಪವಿತ್ರ ಗುರುವಾರ. ಚರ್ಚಿನಲ್ಲಿ ಪಾದ ತೊಳೆಯುವ ವಿಧಿ ಮುಗಿಸಿಕೊಂಡು ಮನೆಗೆ ಬಂದು ಕುಳಿತಿದ್ದೆವು. ಬಾಗಿಲು ತಟ್ಟಿದ ಸದ್ದಾಯಿತು. ಬಾಳೆ ಎಲೆ ಮುಚ್ಚಿದ ತಟ್ಟೆಯನ್ನು ಹಿಡಿದು ಅಮ್ಮಚ್ಚಿ, ತೂಗುಪಾತ್ರೆ ಹಿಡಿದು ಅಪ್ಪಚ್ಚನ್ ನಿಂತಿದ್ದರು. ನಮ್ಮಲ್ಲಿ ಆ ಪದ್ಧತಿ ಇಲ್ಲವೆಂದು ಅವರಿಗೆ ಗೊತ್ತು. ಆದರೂ ಸಾವಾದ ಮನೆಯನ್ನು ದಾಟಿ ತಮ್ಮ ಮನೆಯಲ್ಲಿ ಅಪ್ಪಂ ಮುರಿಯಲು ಅವರಿಗೆ ಮನಸ್ಸಾಗಲಿಲ್ಲವಂತೆ.

ತಟ್ಟೆಯನ್ನು ಮೇಜಿನ ಮೇಲಿಟ್ಟು ಅಮ್ಮಚ್ಚಿ, "ಮೇಷ್ಟ್ರೆ, ಮನೆಗೆ ಹಿರಿಯರು ಯಾರು?" ಎಂದು ಕೇಳಿದರು.

"ನಾನೇ" ಎಂದೆ.

"ಅಣ್ಣ ಇದ್ದಾರಲ್ಲ?"

ದೂರ, ಹೊತ್ತಾಗಿದೆ, ಅವರಿಗೆ ತಿಳಿಸಿಲ್ಲ ಎಂದು ಏನೇನೋ ಹೇಳಿದೆ. ಅಮ್ಮಚ್ಚಿ ಏನೂ ಹೇಳಲಿಲ್ಲ. ಅಪ್ಪಚ್ಚನ್ ತೂಗುಪಾತ್ರೆಯನ್ನು ಕೆಳಗಿಟ್ಟು, "ಹಲಸೂರಲ್ಲವೆ? ಕೆರೆಯ ಹತ್ತಿರ?" ಎಂದಷ್ಟೇ ಕೇಳಿ, ಸ್ಕೂಟರನ್ನು ಹೊರಕ್ಕೆ ತೆಗೆದರು. ಎಂಟೊಂಬತ್ತು ಕಿಲೋಮೀಟರಿನ ದಾರಿ. ನಾನು ತಡೆಯಬಹುದಾಗಿತ್ತು, ತಡೆಯಲಿಲ್ಲ. ತಮ್ಮ ಮನೆಯ ಮಕ್ಕಳನ್ನು ಹಸಿದಿರಲು ಬಿಟ್ಟು ಆ ಹೆಣ್ಣುಮಗಳು ನಮ್ಮ ಮನೆಯಲ್ಲಿ ಒಂದು ಗಂಟೆಗೂ ಮಿಕ್ಕಿ ಕುಳಿತಿದ್ದರು.

ಒಂಬತ್ತೂವರೆಯ ಹೊತ್ತಿಗೆ ಅಣ್ಣ ಸ್ಕೂಟರಿನ ಹಿಂದೆ ಕುಳಿತು ಬಂದ. ನನ್ನತ್ತ ನೋಡಲಿಲ್ಲ. ಅಮ್ಮನ ಪಟದ ಕೆಳಗಿದ್ದ ಕುರ್ಚಿಯಲ್ಲಿ ಕುಳಿತ. ಅಮ್ಮಚ್ಚಿ ಲೋಟಗಳಿಗೆ ಪಾನಕ ಬಗ್ಗಿಸಿ, ನನ್ನ ಕಡೆ ತಿರುಗಿ, ತಮ್ಮ ಅರೆಗನ್ನಡದಲ್ಲಿ, "ಪಾಲು ಮೊದಲು ಅಣ್ಣನಿಗೆ ಕೊಡಿ, ಮೇಷ್ಟ್ರೆ" ಎಂದರು.

ಅಣ್ಣ ಚಕ್ಕನೆ ತಲೆಯೆತ್ತಿದ. ಅವನ ಮುಖ ಕೆಂಪಾಯಿತು. ನೆರೆಯವರ ಬಾಯಿಯಿಂದ ಪಂಚಾಯಿತಿ ಮಾಡಿಸಲು ನಾನೇ ಇದನ್ನೆಲ್ಲ ಹೂಡಿದ್ದೇನೆಂದು ಅವನು ತಿಳಿದದ್ದು ಸ್ಪಷ್ಟವಾಗಿತ್ತು. ನಾನು ಗಾಬರಿಯಿಂದ, "ಹಾಲು, ಅಣ್ಣ, ಹಾಲು! ಮಲಯಾಳದಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ!" ಎಂದೆ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಅಣ್ಣ ನಕ್ಕ. ಅಮ್ಮ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಏಕೆ ನಗುತ್ತಿದ್ದೇವೆಂದು ತಿಳಿಯದೆ ಅಮ್ಮಚ್ಚಿಯೂ ನಕ್ಕರು.

ನಾನು ಕನ್ನಡದ ಮೇಷ್ಟ್ರು. ಹಳಗನ್ನಡದಲ್ಲಿ ನಮ್ಮ ಹಾಲೂ 'ಪಾಲ್' ಆಗಿತ್ತೆಂದು ವರ್ಷ ವರ್ಷವೂ ಮಕ್ಕಳಿಗೆ ಪಾಠ ಹೇಳಿದವನು. ಪಕಾರ ಹಕಾರವಾಗುವುದರ ಉದಾಹರಣೆಯೆಂದು ಕರಿಹಲಗೆಯ ಮೇಲೆ ಬರೆದೂ ಇದ್ದೆ. ಆ ಒಂದೇ ಶಬ್ದದಲ್ಲಿ ಹಂಚಿ ಕುಡಿಯುವುದೂ ಹಂಚಿಕೊಂಡು ಬೇರೆಯಾಗುವುದೂ ಜೊತೆ ಜೊತೆಗೆ ಕೇಳಿಸಬಹುದೆಂಬುದು ಆ ರಾತ್ರಿಯವರೆಗೆ ನನಗೆ ಹೊಳೆದಿರಲಿಲ್ಲ.

ಅಣ್ಣ ಅಪ್ಪಂ ಕೊಯ್ದ. ಅಲ್ಲಿದ್ದವರು ನಾವು ನಾಲ್ವರು, ಅವರಿಬ್ಬರು, ಅಣ್ಣ, ಒಟ್ಟು ಏಳು ಮಂದಿ. ತಟ್ಟೆಯಲ್ಲಿ ನೋಡಿದರೆ ಎಂಟು ತುಂಡುಗಳಿದ್ದುವು. ಮನೆಯ ಲೆಕ್ಕದಲ್ಲಿ ಅಮ್ಮನನ್ನು ಸೇರಿಸುವ ರೂಢಿ ಅವನ ಕೈಗೆ ಇನ್ನೂ ತಪ್ಪಿರಲಿಲ್ಲ. ಆ ಎಂಟನೆಯ ತುಂಡನ್ನು ಅವನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡಿರುವಾಗ ಅಮ್ಮಚ್ಚಿ ಎರಡೂ ಕೈ ಚಾಚಿ ಅದನ್ನು ಪಡೆದುಕೊಂಡರು.

ಕೇಳುಗರೆ, ಅಷ್ಟಕ್ಕೆ ನಮ್ಮ ಜಗಳ ಮುಗಿಯಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಮನೆಯ ಪಾಲಾಗಲು ಇನ್ನೂ ಮೂರು ವರ್ಷ ಹಿಡಿಯಿತು, ವಕೀಲರೂ ಬೇಕಾದರು. ಮನೆ ಪಾಲಾದ ಬಗೆ ಇಬ್ಬರಿಗೂ ತೃಪ್ತಿ ಕೊಡಲಿಲ್ಲ. ಆದರೆ ಆ ಮೂರು ವರ್ಷವೂ ಪವಿತ್ರ ಗುರುವಾರ ರಾತ್ರಿ ಅಣ್ಣ ತಪ್ಪದೆ ಬಂದ. ಅಂದು ಮನೆಯ ವಿಷಯ ಎತ್ತಬಾರದೆಂದು ಯಾರೂ ಹೇಳಿರಲಿಲ್ಲ, ಯಾರೂ ಎತ್ತಲೂ ಇಲ್ಲ. ಮುಂದಿನ ವರ್ಷದಿಂದ ನನ್ನ ಹೆಂಡತಿ ಅಮ್ಮನ ಅಕ್ಕಿ ರೊಟ್ಟಿಯನ್ನೇ ಹುಳಿಯಿಲ್ಲದ ರೊಟ್ಟಿಯನ್ನಾಗಿ ಮಾಡಿ ಮೇಜಿನ ಮೇಲಿಡತೊಡಗಿದಳು. ಅದನ್ನು ಮುರಿಯುವವನು ಅಣ್ಣನೇ.

ಹದಿನೈದು ವರ್ಷಗಳ ಮೇಲೆ ಅಪ್ಪಚ್ಚನ್ ತೀರಿಕೊಂಡರು. ಗಂಡುಮಕ್ಕಳು ಕೊಲ್ಲಿ ದೇಶಗಳಲ್ಲಿದ್ದರು, ನೆಂಟರೆಲ್ಲ ಕೇರಳದಲ್ಲಿ. ಪವಿತ್ರ ಗುರುವಾರ ಹತ್ತಿರ ಬಂದಂತೆ, ಈ ಸಲ ಅಪ್ಪಂ ಒಯ್ಯಬೇಕಾದವರು ನಾವೇ ಎಂದು ನನ್ನ ಹೆಂಡತಿಗೆ ಹೊಳೆಯಿತು. ಹದಿನೈದು ವರ್ಷ ಕಣ್ಣಾರೆ ನೋಡಿದ್ದರೂ ಅವಳು ಕೈಯಾರೆ ಮಾಡಿರಲಿಲ್ಲ. ಅಮ್ಮಚ್ಚಿಯನ್ನು ಕೇಳೋಣವೆಂದರೆ ಸಾವಿನ ಮನೆಯವರು ಅದರಲ್ಲಿ ಕೈಯಾಡಿಸಬಾರದೆಂದು ಅವರು ನಮ್ಮ ಅಡಿಗೆಮನೆಯತ್ತ ಸುಳಿಯಲಿಲ್ಲ. ಹೆಂಡತಿ ಬೆಳಿಗ್ಗೆಯೇ ಅಕ್ಕಿ ರುಬ್ಬಿಟ್ಟು, ಸಂಜೆ ಬೇಯಿಸಿದರಾಯಿತೆಂದು ಪೂಜೆಗೆ ಹೋದಳು. ಏಪ್ರಿಲಿನ ಸೆಕೆ. ಬಂದು ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿ ನಿಂತಿತ್ತು. ಹುಳಿ ಬಂದುಬಿಟ್ಟಿತ್ತು. ಬೇರೆ ಯಾವ ದಿನವಾದರೂ ಸಂತೋಷಪಡಬೇಕಾದ ಸಂಗತಿ ಅದು. ಆ ರಾತ್ರಿಗೆ ಮಾತ್ರ ಆ ಹಿಟ್ಟು ಸಲ್ಲದು.

ಮತ್ತೆ ನೆನೆಸಿ ರುಬ್ಬಲು ಸಮಯವಿರಲಿಲ್ಲ. ಅವಳು ಬೇರೆ ದಾರಿ ಕಾಣದೆ ಅಮ್ಮನ ರೊಟ್ಟಿಯನ್ನೇ ತಟ್ಟಿದಳು. ಮೇಲೆ ಗರಿಯ ಶಿಲುಬೆ ಇಟ್ಟು, ಬಾಳೆ ಎಲೆ ಮುಚ್ಚಿ, ಅಣ್ಣನನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋದೆವು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಬಗ್ಗೆ ನಮ್ಮ ಚರ್ಚುಗಳಲ್ಲಿ ಮನಸ್ಸು ಮುರಿಯುವಷ್ಟು ವಾದವಿವಾದಗಳು ನಡೆದ ಕಾಲ ಅದು. ತಲೆಮಾರುಗಳಿಂದ ಬಂದ ಅವರ ವಿಧಿಯ ಜಾಗದಲ್ಲಿ ಹಾರೋಬೆಲೆಯ ರೊಟ್ಟಿಯನ್ನು ಇಡುವುದು ಅಧಿಕಪ್ರಸಂಗವಾದೀತೆ ಎಂಬ ಅಳುಕು.

ಅಮ್ಮಚ್ಚಿ ಎಲೆ ಸರಿಸಿ ನೋಡಿದರು. ಹೆಂಡತಿ ನಡೆದುದನ್ನೆಲ್ಲ ಹೇಳಿ ಕಣ್ಣಲ್ಲಿ ನೀರು ತಂದುಕೊಂಡಳು.

"ಇದರಲ್ಲಿ ಹುಳಿ ಇದೆಯಾ, ಮೋಳೆ?" ಎಂದು ಅಮ್ಮಚ್ಚಿ ಕೇಳಿದರು. ಮೋಳ್ ಎಂದರೆ ಮಗಳು.

"ಇಲ್ಲ, ಅಮ್ಮಚ್ಚಿ. ಅಕ್ಕಿ ಹಿಟ್ಟು, ಬಿಸಿನೀರು, ಉಪ್ಪು."

"ಮತ್ತೆ ಅಳೋದು ಯಾಕೆ? ಇದೇ ಪೆಸಹಾ."

ಹಾಗೆಂದು, ಮಕ್ಕಳಿಲ್ಲದ ಆ ಮನೆಯಲ್ಲಿ ಅವರು ತಟ್ಟೆಯನ್ನು ಅಣ್ಣನ ಮುಂದೆ ಸರಿಸಿದರು. ನೆರೆದವರಲ್ಲಿ ವಯಸ್ಸಿನಲ್ಲಿ ಹಿರಿಯರು ಅವರೇ. ಆದರೂ ಮುರಿಯುವ ಕೆಲಸವನ್ನು ಅವನಿಗೆ ಬಿಟ್ಟು, ಮೊದಲ ತುಂಡನ್ನು ಅವನ ಕೈಯಿಂದ ಪಡೆದರು.

ಅಮ್ಮಚ್ಚಿ ಹೋಗಿ ಬಹಳ ವರ್ಷಗಳಾದುವು. ಅವರ 'ಇದೇ ಪೆಸಹಾ' ಎಂಬ ಮಾತು ನಮಗೆ ಮತ್ತೆ ಬೇಕಾದದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತ್ತು. ಗರಿಗಳ ಭಾನುವಾರ ಚರ್ಚಿನಲ್ಲಿ ಗರಿ ಹಂಚುವವರಿಲ್ಲ. ಏಪ್ರಿಲ್ 9ರ ಗುರುವಾರ ಹಿತ್ತಲಿನ ತೆಂಗಿನಿಂದ ನಾವೇ ಒಂದು ಗರಿ ಕಿತ್ತೆವು. ಮಕ್ಕಳು ಬೇರೆ ಬೇರೆ ಊರುಗಳಿಂದ ಫೋನಿನ ಪರದೆಯಲ್ಲಿ ಕಾಣಿಸಿಕೊಂಡರು. ಅಣ್ಣ ಹಲಸೂರಿನಲ್ಲಿ ಒಬ್ಬನೇ ಇದ್ದ. ಎಂಬತ್ತು ದಾಟಿತ್ತು, ಅತ್ತಿಗೆ ತೀರಿಕೊಂಡಿದ್ದಳು. ನಾಲ್ಕು ದಶಕಗಳಲ್ಲಿ ಅವನು ನಮ್ಮ ಮೇಜಿನ ಮುಂದೆ ಇಲ್ಲದ ಪವಿತ್ರ ಗುರುವಾರ ಅದೊಂದೇ. ಫೋನು ಮಾಡಿದೆ. "ನಾನೇ ಒಂದು ರೊಟ್ಟಿ ತಟ್ಟಿದೀನಿ ಕಣೋ. ಭಾರತದ ನಕ್ಷೆ ಥರಾ ಆಗಿದೆ. ನೀನು ಅಲ್ಲಿ ಮುರಿ, ನಾನು ಇಲ್ಲಿ ಮುರೀತೀನಿ" ಎಂದ. ಒಬ್ಬನಿಗೆ ಮುರಿಯುವುದೆಂದರೇನು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವನೇ ಹೇಳಿದ. ಅರ್ಧವನ್ನು ಹಿತ್ತಲ ಗೋಡೆಯ ಮೇಲಿನಿಂದ ಪಕ್ಕದ ತಮಿಳು ಹುಡುಗನ ತಟ್ಟೆಗೆ ಹಾಕಿದನಂತೆ.

ಈಗ ಪೆಸಹಾ ಅಪ್ಪಂ ಕೂಡ ಹೇಳಿಕಳಿಸಿದರೆ ಮನೆ ಬಾಗಿಲಿಗೆ ಬರುತ್ತದೆಯಂತೆ. ನಾನು ಅದನ್ನು ಹಳಿಯುವವನಲ್ಲ. ಹಗಲೆಲ್ಲ ದುಡಿದು ಬಂದ ಹೆಣ್ಣುಮಕ್ಕಳಿಗೆ ಅಕ್ಕಿ ರುಬ್ಬಿರೆಂದು ಉಪದೇಶ ಮಾಡುವ ಅಧಿಕಾರ, ಜೀವಮಾನದಲ್ಲಿ ಒಂದು ರೊಟ್ಟಿ ತಟ್ಟದ ನನಗೆ ಎಲ್ಲಿಯದು? ಕೈಯಲ್ಲಿ ತಟ್ಟಿದುದೋ ಕೊಂಡದ್ದೋ ಎಂಬುದಕ್ಕಿಂತ, ಅದನ್ನು ಮುರಿಯುವ ಮುಂಚೆ ಯಾರು ಬಂದಿಲ್ಲವೆಂದು ಒಮ್ಮೆ ಎಣಿಸಿ ನೋಡುತ್ತೇವೆಯೇ ಎಂಬುದು ದೊಡ್ಡದೆಂದು ನನಗೆ ತೋರುತ್ತದೆ. ಹಾಗೆ ಎಣಿಸಿ ಸ್ಕೂಟರು ಹತ್ತಿದವರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದುದು ನಮ್ಮ ಭಾಗ್ಯ.

ಕಳೆದ ಆಗಸ್ಟಿನಲ್ಲಿ ಅಣ್ಣ ತೀರಿಕೊಂಡ. ಆದ್ದರಿಂದ ಬರುವ ಪವಿತ್ರ ಗುರುವಾರ ನಮ್ಮ ಮನೆಯ ಹೆಂಚಿನ ಮೇಲೆ ರೊಟ್ಟಿ ಬೇಯುವುದಿಲ್ಲ. ನಮ್ಮ ಬೀದಿಯಲ್ಲಿ ಈಗ ನಾಲ್ಕಂತಸ್ತಿನ ಮನೆಗಳು. ಈ ನಿಯಮ ತಿಳಿದವರು ಯಾರೂ ಉಳಿದಿಲ್ಲವೆಂದೇ ನಾವು ಗಂಡಹೆಂಡಿರು ಮಾತನಾಡಿಕೊಂಡಿದ್ದೆವು. ಮೊನ್ನೆ ಇಂದಿರಾನಗರದಿಂದ ಒಂದು ಫೋನು ಬಂದಿತು. ಅಮ್ಮಚ್ಚಿಯ ಮೊಮ್ಮಗಳು. "ತಾತ, ಗುರುವಾರ ರಾತ್ರಿ ನಾನು ಬರ್ತೀನಿ. ಆದರೆ ಅಮ್ಮಚ್ಚಿಯ ಅಳತೆ ನನಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತಂತಲ್ಲ?" ಎಂದಳು.

ಸಾವಿನ ಮನೆಯವರು ಕೈಯಾಡಿಸಬಾರದೆಂಬ ನಿಯಮವಿದೆಯೇ ಹೊರತು ಬಾಯಿಯಾಡಿಸಬಾರದೆಂದೇನೂ ಇಲ್ಲವಲ್ಲ ಎಂದು ನನ್ನ ಹೆಂಡತಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಎರಡು ಪಾವು ಅಕ್ಕಿಗೆ ಅರ್ಧ ಪಾವು ಉದ್ದು" ಎಂದು ಆರಂಭಿಸಿ, "ರುಬ್ಬಿ ಇಡಬೇಡ, ಕೂಡಲೇ ಬೇಯಿಸು" ಎಂಬುದನ್ನು ಮೂರು ಸಲ ಹೇಳಿದಳು.